ಸಾನ್ ಮಾರ್ತೀನನ ಮಂಡಲಾಗ್ರವೂ ಅದರ ದಾನವಾಕ್ಯವೂ

ಅಮರಕೋಶದಲ್ಲಿ ಖಡ್ಗಕ್ಕೆ ಹೇಳಿರುವ ಪರ್ಯಾಯಪದಗಳಲ್ಲಿ ‘ಮಂಡಲಾಗ್ರ’ವೆಂಬುದೂ ಒಂದು. ತುದಿಯು ದುಂಡಾಗಿ ಬಾಗಿರುವ ಕತ್ತಿಯೆಂದು ಇದರ ಅವಯವಾರ್ಥ. ದಕ್ಷಿಣ ಅಮೆರಿಕದ ಸ್ವಾತಂತ್ರ್ಯಯುದ್ಧದ ಸೇನಾನಿಗಳಲ್ಲಿ ಅಗ್ರಗಣ್ಯನಾದ ಹೋಸೆ ದೆ ಸಾನ್ ಮಾರ್ತೀನನ ಕತ್ತಿಯನ್ನು ಅರ್ಜೆಂಟೀನ ದೇಶದವರು ‘ಸಾಬ್ಲೆ ಕೊರ್ವೊ’ ಎನ್ನುವರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಕೊರ್ವೊ’ ಎಂದರೆ ಬಾಗಿದುದು. ಎರಡು ಭಾಷೆಗಳೂ ಆಕಾರವನ್ನೇ ಹಿಡಿದು ಹೆಸರಿಟ್ಟಿರುವುದರಿಂದ ಇಲ್ಲಿ ನಮ್ಮ ಪದವನ್ನೇ ಬಳಸಿದೆ.

ಸಾನ್ ಮಾರ್ತೀನನು 1811ರಲ್ಲಿ ಸ್ಪೇನಿನ ಸೈನ್ಯವನ್ನು ಬಿಟ್ಟು ಲಂಡನ್ನಿಗೆ ಬಂದಾಗ ಇದನ್ನು ಕೊಂಡನು. ಆಂಡೀಸ್ ಪರ್ವತಗಳನ್ನು ದಾಟಿ 1817ರಲ್ಲಿ ಚಾಕಾಬುಕೊ, 1818ರಲ್ಲಿ ಮಾಯ್ಪೂ ಯುದ್ಧಗಳನ್ನು ಗೆದ್ದಾಗ ಇದೇ ಅವನ ಆಯುಧ. ಲೀಮಾ ನಗರದವರು 1825ರಲ್ಲಿ ಬೊಲೀವಾರನಿಗೆ ಅರ್ಪಿಸಿದ ಖಡ್ಗವು ಸ್ವರ್ಣರತ್ನಖಚಿತವಾದುದು. ಇದಕ್ಕೆ ಅಂತಹ ಆಡಂಬರವೊಂದೂ ಇಲ್ಲ. ಇದಕ್ಕೆ ವಿಶೇಷಗೌರವವು ಬಂದುದು ಒಂದು ವಾಕ್ಯದಿಂದ.

1844ನೆಯ ಇಸವಿ ಜನವರಿ 23ರಂದು ಪ್ಯಾರಿಸಿನಲ್ಲಿ ಬರೆದ ಮರಣಶಾಸನದಲ್ಲಿ ಅವನು ಈ ಕತ್ತಿಯನ್ನು ಬ್ವೇನೊಸ್ ಐರೆಸ್ ಪ್ರಾಂತದ ಅಧಿಪತಿ ಹುವಾನ್ ಮಾನುಯೆಲ್ ದೆ ರೋಸಾಸನಿಗೆ ಕೊಟ್ಟನು. ರೋಸಾಸನು ಸ್ವದೇಶದ ವಿರೋಧಿಗಳನ್ನು ನಿರ್ದಯೆಯಿಂದ ದಂಡಿಸಿದವನು. ಆದುದರಿಂದ ಈ ದಾನವು ಅವನ ಆಳಿಕೆಗೆ ಸಮ್ಮತಿಪತ್ರವೆಂದು ಕೆಲವರು, ವೃದ್ಧನ ಪ್ರಮಾದವೆಂದು ಕೆಲವರು ವಾದಿಸುತ್ತ ಬಂದಿದ್ದಾರೆ. ಎರಡೂ ವಾಕ್ಯವನ್ನು ಬಿಟ್ಟು ಮಾಡಿದ ಅರ್ಥಗಳೆಂದು ನನ್ನ ಮತ.

ಮರಣಶಾಸನವು ದಾನಕ್ಕೆ ಹೇತುವನ್ನು ತಾನೇ ಹೇಳುತ್ತದೆ: ದೇಶವನ್ನು ತಗ್ಗಿಸಲು ಬಂದ ಪರಕೀಯರ ಅನ್ಯಾಯದ ಬೇಡಿಕೆಗಳಿಗೆ ಮಣಿಯದೆ ಅದರ ಮಾನವನ್ನು ಕಾಪಾಡಿದ ದಾರ್ಢ್ಯ. ಹೇತುವು ಶಬ್ದತಃ ಉಕ್ತವಾಗಿರುವಾಗ ಅನುಕ್ತವಾದುದನ್ನು ಕಲ್ಪಿಸುವುದು ನಮ್ಮ ಮೀಮಾಂಸಕರಿಗೆ ಒಪ್ಪುವ ಮಾತಲ್ಲ. ಇದಕ್ಕೆ ಬಾಹ್ಯಪ್ರಮಾಣವೂ ಉಂಟು. 1839ರಲ್ಲಿ ಮಿತ್ರನಾದ ಗ್ರೆಗೋರಿಯೊ ಗೋಮೆಸನಿಗೆ ಬರೆದ ಕಾಗದದಲ್ಲಿ, ಸಜ್ಜನರನ್ನು ಪೀಡಿಸುವ ರೋಸಾಸನ ನಡತೆಯನ್ನು ತಾನು ಒಪ್ಪಲಾರೆನೆಂದು ಸಾನ್ ಮಾರ್ತೀನನೇ ಸ್ಪಷ್ಟಪಡಿಸಿದ್ದಾನೆ. ತಿಳಿದೂ ಕೊಟ್ಟನೆಂದ ಮೇಲೆ ಪ್ರಮಾದವೆನ್ನುವುದೆಂತು? ನಿಂದಿಸಿಯೂ ಕೊಟ್ಟನೆಂದ ಮೇಲೆ ಸರ್ವಸಮ್ಮತಿಯೆನ್ನುವುದೆಂತು?

ಕಾಲವಿಚಾರವನ್ನೂ ಇಲ್ಲಿ ಮಾಡತಕ್ಕದ್ದು. ಆಂಗ್ಲ-ಫ್ರೆಂಚ್ ನೌಕಾಬಲವನ್ನು ಪರಾನಾ ನದಿಯಲ್ಲಿ ಎದುರಿಸಿದ ಒಬ್ಲಿಗಾದೊ ಕಾಳಗವೇ ಈ ದಾನಕ್ಕೆ ಕಾರಣವೆಂದು ಹೇಳುವುದುಂಟು. ಆ ಕಾಳಗ ನಡೆದುದು 1845ರ ನವೆಂಬರ್ 20ರಂದು; ಶಾಸನವು ಅದಕ್ಕೆ ಪೂರ್ವದ್ದು. ಕಾರ್ಯಕ್ಕಿಂತ ಕಾರಣವು ಮುಂದಕ್ಕೆ ಬರಲಾರದಷ್ಟೆ! 1838ರಿಂದ 1840ರ ವರೆಗೆ ಫ್ರೆಂಚರು ಬ್ವೇನೊಸ್ ಐರೆಸಿಗೆ ಹಾಕಿದ ನೌಕಾಮುತ್ತಿಗೆಯೇ ಆ ವಾಕ್ಯದ ವಿಷಯವೆಂದು ತಿಳಿಯಬೇಕು. ಆ ಸಂದರ್ಭದಲ್ಲಿ ಸಾನ್ ಮಾರ್ತೀನನು ತನ್ನ ಸೇವೆಯನ್ನೂ ರೋಸಾಸನಿಗೆ ಪತ್ರಮುಖೇನ ಅರ್ಪಿಸಿದ್ದನು.

ದಾತನು 1850ರಲ್ಲಿ ತೀರಿಕೊಂಡನು. 1852ರಲ್ಲಿ ಪದಚ್ಯುತನಾದ ಪ್ರತಿಗ್ರಹೀತನು ಇಂಗ್ಲೆಂಡಿಗೆ ಓಡಿಹೋಗಿ 1877ರಲ್ಲಿ ಅಲ್ಲಿಯೇ ಮಡಿದನು. ಕತ್ತಿಯು ಅವನ ಮಗಳು ಮಾನುಯೆಲಿತಾ ಮತ್ತು ಅಳಿಯ ಮಾಕ್ಸಿಮೊ ತೆರ್ರೇರೊ ಇವರ ಮನೆಯಲ್ಲಿ ಉಳಿಯಿತು. ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಅಧ್ಯಕ್ಷ ಆದೋಲ್ಫೊ ಕರ್ರಾನ್ಸನು 1896ರಲ್ಲಿ ಬೇಡಿದ ಮೇಲೆ ಅವರು ಅದನ್ನು ರಾಷ್ಟ್ರಕ್ಕೆ ಒಪ್ಪಿಸಿದರು. 1897ರಲ್ಲಿ ಅದು ಬ್ವೇನೊಸ್ ಐರೆಸನ್ನು ಸೇರಿತು. ದೇಶಭ್ರಷ್ಟನಾಗಿದ್ದ ಪೆರೋನನ ಪಕ್ಷದ ತರುಣರು 1963ರಲ್ಲಿಯೂ 1965ರಲ್ಲಿಯೂ ಅಲ್ಲಿಂದ ಅದನ್ನು ಅಪಹರಿಸಿದರು. ಎರಡು ಸಲವೂ ಅದು ಮರಳಿ ದೊರೆಯಿತು.