ಪೊಟ್ಟಣದೊಳಗೆ ಊರು ಕಳೆದುಕೊಂಡ ಅಡಿಕೆ

ಅಂಗಡಿ ಮುಂದೆ ಮಾಲೆ ಮಾಲೆಯಾಗಿ ನೇತಾಡುತ್ತಲ್ಲ ಪಾನ್ ಮಸಾಲಾ, ಒಂದು ಪೊಟ್ಟಣ ಕೈಗೆ ತಗೊಂಡು ಓದಿ ನೋಡಿ. ಅಡಿಕೆ, ಕಾಚು, ಸುಣ್ಣ, ಏಲಕ್ಕಿ ಅಂತ ಪಟ್ಟಿ ಇರುತ್ತೆ. ಆ ಅಡಿಕೆ ಶಿರಸಿಯದಾ, ಸಿದ್ದಾಪುರದ್ದಾ, ಯಲ್ಲಾಪುರದ್ದಾ, ಇಲ್ಲಾ ಸಮುದ್ರ ದಾಟಿ ಬಂದದ್ದಾ? ಅದು ಮಾತ್ರ ಸಾಮಾನ್ಯವಾಗಿ ಬರೆದಿರಲ್ಲ. ಇವತ್ತು ನಾನು ಕೇಳೋದು ಇಷ್ಟೇ. ಒಂದು ಮಣ್ಣಿನ ಬೆಳೆ ಹತ್ತರ ಜೊತೆ ಬೆರೆತ ಮೇಲೆ, ಕಾನೂನು ಅದರ ಊರನ್ನು ನೆನಪಿಟ್ಟುಕೊಳ್ಳುತ್ತಾ?

ನೆನಪಿಟ್ಟುಕೊಳ್ಳೋ ಕಾನೂನು ಒಂದಿದೆ, ಅಮೆರಿಕದ್ದು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ಕ್ಯೂಬಾ ಜೊತೆಗಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದರು. ಪೈಪ್‌ನಲ್ಲಿ ಸೇದುವ ತಂಬಾಕು ಅಂದರೆ ಸಾಮಾನ್ಯವಾಗಿ ಬೇರೆ ಬೇರೆ ಎಲೆಗಳ ಮಿಶ್ರಣ. ಯುರೋಪಿನಲ್ಲಿ ಯಾರಾದರೂ ಅದಕ್ಕೆ ಒಂದು ಹಿಡಿ ಕ್ಯೂಬಾ ಎಲೆ ಸೇರಿಸಿದರೆ ಮುಗೀತು, ಆ ಡಬ್ಬಿ ಅಮೆರಿಕದ ಮಾರುಕಟ್ಟೆಗೆ ಹೋಗುವಂತಿಲ್ಲ. ಡಬ್ಬಿ ತುಂಬಿಸಿದ್ದು ಎಲ್ಲೇ ಇರಲಿ, ಒಳಗಿನ ಒಂದಂಶ ಕ್ಯೂಬಾದಲ್ಲಿ ಬೆಳೆದದ್ದಾದರೂ ಅದು ನಿಷಿದ್ಧವೇ. ಆ ದಿಗ್ಬಂಧನ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ಎಲೆ ಎಲ್ಲಿಗೇ ಹೋಗಲಿ, ಅದರ ಊರು ಬೆನ್ನಿಗೇ ಬರುತ್ತೆ.

ಈಗ ನಮ್ಮ ಕಡೆ ಬನ್ನಿ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅರ್ಜಿ ಹಾಕಿದ್ದು ಶಿರಸಿಯ ತೋಟಗಾರ್ಸ್ ಕೋ ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್‌ಎಸ್. ವ್ಯಾಪ್ತಿ ಮೂರೇ ತಾಲೂಕು: ಶಿರಸಿ, ಸಿದ್ದಾಪುರ, ಯಲ್ಲಾಪುರ. ಚಪ್ಪಟೆ ನಾಣ್ಯದಂಥ ಅಡಿಕೆ, ಸರಾಸರಿ ಒಣ ತೂಕ 7.5 ಗ್ರಾಂ, ದಪ್ಪ 16 ಮಿಲಿಮೀಟರ್, ತನ್ನದೇ ಆದ ಒಗರು. ಈ ಹೆಸರಿಟ್ಟು ಬೇರೆ ಊರಿನ ಅಡಿಕೆ ಮಾರಿದರೆ 1999ರ ಜಿಐ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ.

ಕೇಳೋಕೆ ಭಾರಿ ಚೆನ್ನಾಗಿದೆ, ಅಲ್ವಾ? ಇಲ್ಲೇ ಇರೋದು ತಕರಾರು. ಈ ಕಾನೂನು ಕಾಯೋದು ಹೆಸರನ್ನು, ಅಡಿಕೆಯನ್ನಲ್ಲ. 'ಶಿರಸಿ ಸುಪಾರಿ' ಅಂತ ಸುಳ್ಳು ಬರೆದರೆ ತಪ್ಪು. ಏನೂ ಬರೆಯದೆ, ಶಿರಸಿಯ ಒಂದು ಮೂಟೆಗೆ ಎಲ್ಲಿಯದೋ ಒಂಬತ್ತು ಮೂಟೆ ಬೆರೆಸಿ ಪುಡಿ ಮಾಡಿದರೆ ಜಿಐ ಕಾಯ್ದೆಗೆ ಅಲ್ಲಿ ಕೆಲಸವೇ ಇಲ್ಲ.

ಹಾಗಂತ ನಮ್ಮ ಕಾನೂನಿಗೆ ಪೊಟ್ಟಣದೊಳಗೆ ಇಣುಕೋದು ಗೊತ್ತಿಲ್ಲ ಅಂತಲ್ಲ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಅಂತ 2011ರಲ್ಲಿ ನಿಯಮ ಬಂತು. ಅದರ ಮೇಲೆ 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ವ್ಯಾಪಾರಿಗಳು ಏನು ಮಾಡಿದರು? ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಅಕ್ಕಪಕ್ಕ! ಬೆರೆಸೋ ಕೆಲಸ ಗಿರಾಕಿಯ ಅಂಗೈಗೆ ಬಿತ್ತು. ಇಣುಕಿದ್ದು ತಂಬಾಕಿಗಾಗಿ. ಅಡಿಕೆಯ ಊರು ಯಾವುದು ಅಂತ ಕೇಳಿದವರಿಲ್ಲ.

ವಿದೇಶಿ ಅಡಿಕೆಗೆ ಗಡಿಯಲ್ಲಿ ಒಂದು ಬೇಲಿ ಇದೆ, ನಿಜ. ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251 ರೂಪಾಯಿ ಇತ್ತು, 2023ರ ಫೆಬ್ರವರಿಯಲ್ಲಿ 351 ಆಯಿತು. ಆದರೆ ಕಳ್ಳದಾರಿಯಲ್ಲಿ ನುಸುಳಿ ಬಂದದ್ದು ಒಮ್ಮೆ ಪುಡಿಯಾದರೆ, ಅದನ್ನು ಕಣ್ಣಲ್ಲಿ ನೋಡಿ ಗುರುತು ಹಿಡಿಯೋರು ಯಾರು?

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕ ಅಂದಿದೆ. ಜಿಐ ಅನ್ನೋದು ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಹಾಗಾಗಿ 'ನಮ್ಮೂರ ಅಡಿಕೆ, ಧಾರಾಳವಾಗಿ ತಿನ್ನಿ' ಅಂತ ನಾನು ಹೇಳಲ್ಲ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೆದರಿ ಕೊನೆಗೆ ಔಷಧಿ ಹೊಡೆಸಿ, ಚಾಲಿಯನ್ನು ಒಂದೂವರೆ ತಿಂಗಳು ಬಿಸಿಲಿಗೆ ಒಣಗಿಸಿ, ಸುಲಿಸಿ ಮಾರುಕಟ್ಟೆಗೆ ತರುವವನಿಗೆ ತನ್ನ ಊರಿನ ಹೆಸರಿನ ಬೆಲೆ ಸಿಗಬೇಕೋ ಬೇಡವೋ?

ಸಿಗಬೇಕಾದರೆ ಎರಡು ಕೆಲಸ ಆಗಬೇಕು. ಒಂದು, ಸೊಸೈಟಿ ಹೆಸರಲ್ಲಿ ನೋಂದಣಿ ಆಗಿದೆ ಅಂತ ರೈತ ಸುಮ್ಮನೆ ಕೂರಬಾರದು. ಕಾಯ್ದೆಯಲ್ಲಿ 'ಅಧಿಕೃತ ಬಳಕೆದಾರ' ಅಂತ ಪ್ರತ್ಯೇಕ ನೋಂದಣಿ ಇದೆ, ಅದನ್ನು ಬೆಳೆಗಾರ ತನ್ನ ಹೆಸರಲ್ಲೇ ಮಾಡಿಸಿಕೊಳ್ಳಬಹುದು. ಎರಡು, ಪೊಟ್ಟಣದ ಮೇಲೆ ಅಡಿಕೆಯ ಮೂಲ ಬರೆಯಲೇಬೇಕು ಅಂತ ಸರ್ಕಾರ ನಿಯಮ ತರಬೇಕು.

ಕ್ಯೂಬಾದ ಒಂದು ಹಿಡಿ ಎಲೆಯನ್ನು ಹೊರಗಿಡೋಕೆ ಅಮೆರಿಕ 60 ವರ್ಷದಿಂದ ಡಬ್ಬಿಯೊಳಗೆ ಇಣುಕುತ್ತಿದೆ. ನಮ್ಮ ರೈತನನ್ನು ಉಳಿಸೋಕೆ ನಾವು ಪೊಟ್ಟಣದೊಳಗೆ ಒಂದು ಸಲ ಇಣುಕಬಾರದೇ?