ಟಾಟಾ ಇನ್‌ಸ್ಟಿಟ್ಯೂಟಿನ ಗೂಟ, ಹಿಮಾಲಯದ ಬಾಕಿ

ಮಲ್ಲೇಶ್ವರದಿಂದ ಯಶವಂತಪುರದ ಬಸ್ಸು ಹತ್ತಿದವರಿಗೆಲ್ಲ ಟಾಟಾ ಇನ್‌ಸ್ಟಿಟ್ಯೂಟು ಗೊತ್ತು. ಅದರ ಆವರಣದಲ್ಲಿ ಆಕಾಶಕ್ಕೆ ಮುಖಮಾಡಿ ಕೂತಿರುವ ಜಿ.ಪಿ.ಎಸ್. ಯಂತ್ರ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. 1990ರ ದಶಕದಲ್ಲಿ ಕೂಡಿಸಿದ್ದು. ಉಪಗ್ರಹಗಳ ಸಂಕೇತ ಹಿಡಿದು ಒಂದೇ ಲೆಕ್ಕ ಬರೆಯುತ್ತ ಬಂದಿದೆ: ಬೆಂಗಳೂರು ಎಷ್ಟು ಸರಿಯಿತು?

ಊರು ಸರಿಯೋದುಂಟೇ ಅಂತೀರಾ? ಉಂಟು ಸ್ವಾಮಿ. ವರ್ಷಕ್ಕೆ ಸುಮಾರು 5 ಸೆಂಟಿಮೀಟರು, ಈಶಾನ್ಯದ ಕಡೆಗೆ. ಲಾಲ್‌ಬಾಗಿನ ಬಂಡೆ, ಗಾಂಧಿಬಜಾರು, ಚಾಮರಾಜಪೇಟೆ ಎಲ್ಲ ಸೇರಿ! ಊರಿನ ಕೆಳಗಿರುವುದು ಸುಮಾರು 300 ಕೋಟಿ ವರ್ಷದ ಗಟ್ಟಿ ಕಲ್ಲು. ಅದು ಸುಲಭಕ್ಕೆ ಬಾಗುವುದಿಲ್ಲ. ದಕ್ಷಿಣ ಭಾರತವೆಲ್ಲ ಒಂದೇ ಹಲಗೆಯಂತೆ ಸಾಗುತ್ತದೆ. ಅದಕ್ಕೇ ಅಳತೆಗೆ ಬೆಂಗಳೂರು ಒಳ್ಳೆಯ ಗೂಟ. ಇಲ್ಲಿಂದ ಹಿಮಾಲಯದಾಚೆಗೆ ದೂರ ಅಳೆದರೆ, ಆ 5ರಲ್ಲಿ ಸುಮಾರು 2 ಸೆಂಟಿಮೀಟರು ಹಿಮಾಲಯದಲ್ಲೇ ಸಿಕ್ಕಿಕೊಳ್ಳುವುದು ಕಾಣುತ್ತದೆ. ಅಡಿಯ ಬಂಡೆಗಳು ಜಾರದೆ ಕಚ್ಚಿಕೊಂಡು ಕೂರುತ್ತವೆ. ಕಚ್ಚಿದ್ದು ಬಿಟ್ಟ ದಿನ ಭೂಕಂಪ.

ಅಂಗಡಿಯ ಸಾಲದ ಪುಸ್ತಕ ಇದ್ದ ಹಾಗೆ. ಯಾರು ಬಹಳ ಕಾಲದಿಂದ ಕೊಟ್ಟಿಲ್ಲವೋ ಅವರ ಬಾಕಿ ದೊಡ್ಡದು. 1905ರಲ್ಲಿ ಕಾಂಗ್ರಾ ಕಡೆ ತೀರಿತು. ಸುಮಾರು 20,000 ಜನ ಸತ್ತರು. 1934ರಲ್ಲಿ ಬಿಹಾರ-ನೇಪಾಳದ ಕಡೆ. ನಡುವೆ ಉಳಿದದ್ದು ಗಢವಾಲ, ಕುಮಾವೂಂ, ಪಶ್ಚಿಮ ನೇಪಾಳ. 1803ರಲ್ಲಿ ಗಢವಾಲ ಜೋರಾಗಿಯೇ ನಡುಗಿತ್ತು, ಆದರೆ ಬಾಕಿ ಪೂರ್ತಿ ಚುಕ್ತಾ ಆಗಲಿಲ್ಲ. 1991ರ ಉತ್ತರಕಾಶಿ, 1999ರ ಚಮೋಲಿ ಭೂಕಂಪಗಳು ಬಡ್ಡಿಗೂ ಸಾಲವು.

ಹಳೇ ಲೆಕ್ಕ ಸಿಗುವುದು ಮಣ್ಣಿನಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿದ್ದ ಸಿ.ಪಿ. ರಾಜೇಂದ್ರನ್ ಮತ್ತು ಸಂಗಡಿಗರು ಹಿಮಾಲಯದ ತಪ್ಪಲಿನಲ್ಲಿ ಕಂದಕ ತೋಡಿ, ಪದರಗಳು ಎಲ್ಲಿ ಮುರಿದಿವೆ ಎಂದು ನೋಡಿದರು. ಆ ಭಾಗದ ಕೊನೆಯ ಮಹಾಕಂಪ 1315 ಮತ್ತು 1440ರ ನಡುವೆ ಆದದ್ದೆಂದು 2018ರಲ್ಲಿ ಪ್ರಕಟಿಸಿದರು. ವರ್ಷಕ್ಕೆ 2 ಸೆಂಟಿಮೀಟರಿನಂತೆ 600 ವರ್ಷಕ್ಕೆ ಎಷ್ಟು? 12 ಮೀಟರು!

ಎಲ್ಲಿ ಎಂದು ಇಷ್ಟು ಹೇಳಬಹುದು. ಯಾವಾಗ ಎಂದು ಹೇಳುವವರು ಯಾರೂ ಇಲ್ಲ. ಹೇಳಿದವರನ್ನು ನಂಬಬೇಕಾಗಿಯೂ ಇಲ್ಲ.

ಅಲ್ಲಿ ನಡುಗಿದರೆ ಬಸವನಗುಡಿಗೇನು? ಇಲ್ಲಿನ ಮನೆಗಳಿಗೆ ಏನೂ ಆಗಲಿಕ್ಕಿಲ್ಲ. ಆದರೆ ಕೇದಾರ, ಬದರಿಗೆಂದು ಇಲ್ಲಿಂದ ಹೋಗುವ ಯಾತ್ರಿಕರು ಮಲಗುವುದು ಇದೇ ಬಾಕಿದಾರ ಬೆಟ್ಟಗಳ ಮೇಲೆ, ಇಳಿಜಾರಿಗೆ ಅಂಟಿಸಿದ ಲಾಡ್ಜುಗಳಲ್ಲಿ. ರೂಮು ಹಿಡಿಯುವಾಗ ಬಿಸಿನೀರು ಇದೆಯಾ ಅಂತ ಎಲ್ಲರೂ ಕೇಳ್ತಾರೆ. ಪಿಲ್ಲರಿಗೆ ಕಂಬಿ ಎಷ್ಟು ಹಾಕಿದ್ದೀರಿ ಅಂತ ಕೇಳಿದವರುಂಟೇ?