ಅರಿಶಿನದ ಗೆಡ್ಡೆ ಕೊಳೆಯುವ ರೋಗ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ನೀರಾವರಿ ಜಮೀನುಗಳಲ್ಲಿ ಅರಿಶಿನವು ಮುಖ್ಯವಾದ ಬೆಳೆ. ಎಂಟು ಒಂಬತ್ತು ತಿಂಗಳು ನೆಲದಲ್ಲಿರುವ ಈ ಬೆಳೆಗೆ ಬಿತ್ತನೆಯ ಗೆಡ್ಡೆಯೇ ಎಕರೆಗೆ ಸುಮಾರು 10 ಕ್ವಿಂಟಾಲು ಬೇಕಾಗುವುದು. ಇಷ್ಟು ವೆಚ್ಚದ ಬೆಳೆಯನ್ನು ಗೆಡ್ಡೆ ಕೊಳೆಯುವ ರೋಗವು ನೆಲದೊಳಗೇ ಹಾಳುಮಾಡುವುದು.

ರೋಗದ ಗುರುತುಗಳು.— ಎಲೆಗಳು ಅಂಚಿನಿಂದ ಹಳದಿಯಾಗಿ ಒಣಗುತ್ತ ಬರುವುವು. ಕಾಂಡದ ಬುಡವು ನೀರು ಕುಡಿದಂತೆ ಮೆತ್ತಗಾಗಿ, ಎಳೆದರೆ ಸುಲಭವಾಗಿ ಕಿತ್ತು ಬರುವುದು. ಗೆಡ್ಡೆಯನ್ನು ಸೀಳಿ ನೋಡಿದರೆ ಒಳಗಿನ ಕಿತ್ತಳೆ ಬಣ್ಣವು ಕಂದಾಗಿ, ತಿರುಳು ಕೊಳೆತಿರುವುದು. ಕೆಲವರು ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರು ಕಟ್ಟುವರು. ಇದರಿಂದ ರೋಗವೇ ಹೆಚ್ಚುವುದು.

ಕಾರಣ.— ಪಿತಿಯಮ್ ಎಂಬ ಬೂಷ್ಟಿನಂತಹ ಸೂಕ್ಷ್ಮಜೀವಿಯೇ ಈ ರೋಗಕ್ಕೆ ಕಾರಣ. ಇದು ಮಣ್ಣಿನಲ್ಲಿಯೂ ರೋಗದ ಗೆಡ್ಡೆಯಲ್ಲಿಯೂ ಉಳಿದಿದ್ದು, ನಿಂತ ನೀರಿನಲ್ಲಿ ವೃದ್ಧಿಯಾಗಿ, ಹರಿಯುವ ನೀರಿನೊಡನೆ ಮುಂದಿನ ಗಿಡಗಳಿಗೆ ತಗಲುವುದು.

ಮುನ್ನೆಚ್ಚರಿಕೆ.— ಕೊಳೆತ ಗೆಡ್ಡೆಯನ್ನು ಸರಿಪಡಿಸುವ ಔಷಧವಿಲ್ಲ. ಆದುದರಿಂದ ರೋಗ ಬಾರದಂತೆ ನೋಡಿಕೊಳ್ಳುವುದೇ ಮೇಲು. ರೋಗ ಬಿದ್ದ ಹೊಲದ ಗೆಡ್ಡೆಯನ್ನು, ನೋಟಕ್ಕೆ ಚೆನ್ನಾಗಿದ್ದರೂ, ಬಿತ್ತನೆಗೆ ಇಡಕೂಡದು. ಆರಿಸಿದ ಗೆಡ್ಡೆಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೊಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ ನೆಡತಕ್ಕದ್ದು. ಏರು ಮಡಿ ಮಾಡಿ, ಮಳೆನೀರು ಹರಿದುಹೋಗಲು ಬಸಿಗಾಲುವೆ ತೆಗೆಯಬೇಕು. ಒಂದೇ ಹೊಲದಲ್ಲಿ ಅರಿಶಿನದ ಮೇಲೆ ಅರಿಶಿನವನ್ನಾಗಲಿ ಶುಂಠಿಯನ್ನಾಗಲಿ ಹಾಕದೆ, ರಾಗಿ ಅಥವಾ ಜೋಳದಂತಹ ಬೆಳೆಯನ್ನು ತಿರುಗಿಸುವುದು ಒಳ್ಳೆಯದು.

ರೋಗ ಕಂಡಾಗ.— ರೋಗದ ಬುಡವನ್ನು ಸುತ್ತಲಿನ ಮಣ್ಣಿನೊಡನೆ ಅಗೆದು ಹೊಲದಿಂದಾಚೆಗೆ ಒಯ್ದು ನಾಶಮಾಡಿ, ಆ ಗುಂಡಿಗೂ ಸುತ್ತಣ ಗಿಡಗಳ ಬುಡಕ್ಕೂ ಬೋರ್ಡೋ ದ್ರಾವಣವನ್ನು ಸುರಿಯಬೇಕು. 1 ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಮತ್ತೆ 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಇದಕ್ಕೆ ಲೋಹದ ಪಾತ್ರೆ ಸಲ್ಲದು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸತಕ್ಕದ್ದು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೂ ಇದೇ ದ್ರಾವಣವನ್ನು ಬಳಸುವರು. ಆ ರೋಗವನ್ನು ಕುರಿತು ಮೈಸೂರು ವ್ಯವಸಾಯ ಇಲಾಖೆಯ ಡಾಕ್ಟರ್ ಕೋಲ್ಮನ್ನರು 1910ರಲ್ಲಿಯೇ ಪುಸ್ತಿಕೆ ಪ್ರಕಟಿಸಿದ್ದರು.

ಗ್ರಾಮಸ್ಥರ ಕರ್ತವ್ಯ.— ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲಕ್ಕೆ ಇಳಿಯುವುದು. ಒಬ್ಬನ ಗೆಡ್ಡೆ ಇನ್ನೊಬ್ಬನ ಬಿತ್ತನೆಯಾಗುವುದು. ಒಬ್ಬ ರೈತನು ಎಷ್ಟು ಜಾಗರೂಕನಾಗಿದ್ದರೂ ನೆರೆಯವನ ಉದಾಸೀನದಿಂದ ನಷ್ಟ ಹೊಂದಬಹುದು. ಆದುದರಿಂದ ಗ್ರಾಮದ ಮುಖಂಡರು ಮಳೆಗಾಲಕ್ಕೆ ಮುಂಚೆಯೇ ಎಲ್ಲರನ್ನೂ ಕೂಡಿಸಿ ಕಾಲುವೆಗಳನ್ನು ಸರಿಪಡಿಸಿ, ರೋಗದ ಹೊಲದ ಗೆಡ್ಡೆಯು ಬಿತ್ತನೆಗೆ ಹೋಗದಂತೆ ನೋಡಿಕೊಂಡರೆ ಊರಿನ ಬೆಳೆಯೆಲ್ಲಾ ಉಳಿಯುವುದು.